ಓದುಗರ ಸ್ಪಂದನ: ‘ಮೈಕ್ ಬಿಟ್ಟು ಕೋಡಿಂಗ್ ಕಲಿಯಲಾ?’

ಕಳೆದ ವಾರದ ಸಮಸ್ಯೆ: ಬೆಂಗಳೂರಿನ ಒಂದು ಸುದ್ದಿವಾಹಿನಿಯಲ್ಲಿ ಏಳು ವರ್ಷ ವರದಿಗಾರ್ತಿಯಾಗಿದ್ದೆ. ಮದುವೆಯಾಗಿ ನ್ಯೂಜೆರ್ಸಿಗೆ ಬಂದು ಎರಡು ವರ್ಷ. ಗಂಡನ ಕೆಲಸದ ವೀಸಾದ ಆಧಾರದ ಮೇಲೆ ಸಿಗುವ ಎಚ್-4 ವೀಸಾ. ‘ನಿನ್ನ ಇಂಗ್ಲಿಷ್ ಉಚ್ಚಾರಣೆಗೆ ಇಲ್ಲಿ ಟೀವಿ ಕೆಲಸವಾ?’ ಎಂದು ಪರಿಚಯದವರು ನಕ್ಕರು. ಈ ವೃತ್ತಿ ಬಿಟ್ಟು ಕೋಡಿಂಗ್ ಕಲಿಯಲಾ?

*

ಕೋಡಿಂಗ್ ಬೇಕಾದರೆ ಕಲಿಯಿರಿ, ಉಚ್ಚಾರಣೆಗೆ ಹೆದರಿ ಮಾತ್ರ ಬೇಡ. ನಾನು ಇಲ್ಲಿನ ಚಿಕ್ಕ ಊರಿನ ಟೀವಿ ಸ್ಟೇಷನ್‌ನಲ್ಲಿ ಪ್ರೊಡ್ಯೂಸರ್. ಮೊದಲ ಆಡಿಷನ್‌ನಲ್ಲಿ ‘ವೆದರ್’ (W), ‘ವ್ಯಾಲಿ’ (V) ಎರಡಕ್ಕೂ ನನ್ನದು ಒಂದೇ ‘ವ’. ಎದುರಿಗೆ ಕೂತವರು ತಪ್ಪಿದಾಗಲೆಲ್ಲ ಪೆನ್ನಿನಿಂದ ಮೇಜು ಕುಟ್ಟುತ್ತಿದ್ದರು. ಟಕ್, ಟಕ್. ಕೆಲಸ ಸಿಗಲಿಲ್ಲ. ಬೇರೊಂದು ಕಡೆ ರಾತ್ರಿ 11ಕ್ಕೆ ಹೋಗಿ ಬೆಳಗಿನ ಬುಲೆಟಿನ್ ಬರೆಯುವ ಕೆಲಸವಿತ್ತು. ಯಾರಿಗೂ ಬೇಡದ ಪಾಳಿ, ಹಾಗಾಗಿ ನನಗೆ ಸಿಕ್ಕಿತು! ಅಲ್ಲಿ ನನ್ನ ‘ವ’ ಯಾರಿಗೂ ಬೇಕಿರಲಿಲ್ಲ. ಬೆಂಕಿ ಬಿದ್ದ ಸುದ್ದಿಯನ್ನು 20 ಸೆಕೆಂಡಿಗೆ ಇಳಿಸುವುದು ಬರುತ್ತದಾ ಅಂತಷ್ಟೇ ನೋಡಿದರು. ಅದು ನಿಮಗೂ ಬರುತ್ತದೆ, ಅಲ್ವಾ?

ನಿಮ್ಮ ತೊಡಕು ಊರಿನದು. ಅಮೆರಿಕದಲ್ಲಿ ಟೀವಿ ಮಾರ್ಕೆಟ್‌ಗಳು, ಅಂದರೆ ಒಂದೇ ಗುಂಪಿನ ಸ್ಟೇಷನ್‌ಗಳನ್ನು ನೋಡುವ ಪ್ರದೇಶಗಳು, 210. ಗಾತ್ರದಲ್ಲಿ ನ್ಯೂಯಾರ್ಕ್‌ನದು ಮೊದಲ ಸ್ಥಾನ. ನ್ಯೂಜೆರ್ಸಿ ಒಂದಷ್ಟು ನ್ಯೂಯಾರ್ಕ್‌ಗೆ, ಒಂದಷ್ಟು ಫಿಲಡೆಲ್ಫಿಯಾಕ್ಕೆ ಸೇರುತ್ತದೆ. ಎರಡೂ ದೊಡ್ಡವೇ. ಅಲ್ಲೇ ಶುರು ಮಾಡುತ್ತೇನೆ ಅನ್ನುವುದು ಊರ ಮೈದಾನದಲ್ಲಿ ಆಡದೆ ನೇರ ಚಿನ್ನಸ್ವಾಮಿಗೆ ಇಳಿದಂತೆ. ಇಲ್ಲಿ ಹುಟ್ಟಿದವರೂ ಸಣ್ಣ ಊರುಗಳಿಂದಲೇ ಬರುತ್ತಾರೆ. ಅಲ್ಲಿ ಟ್ರೈಪಾಡ್ ಹೊತ್ತು, ಶೂಟ್ ಮಾಡಿ, ಎಡಿಟ್ ಮಾಡಿ, ಲೈವ್ ನಿಲ್ಲುವುದೂ ಒಬ್ಬರೇ. ಎರಡು-ಮೂರು ವರ್ಷದ ಕರಾರು ಬೇರೆ. ಗಂಡ ಒಂದು ಕಡೆ, ನೀವು ಒಂದು ಕಡೆ. ಇದನ್ನು ಮೊದಲು ಮನೆಯಲ್ಲಿ ಮಾತಾಡಿ.
— ಓದುಗಿ, ಒಹಾಯೊ

*

ಉಚ್ಚಾರಣೆ ಆಮೇಲೆ. ಕೆಲಸದ ಪರವಾನಗಿ ಇದೆಯಾ? ನೀವು ಬರೆದೇ ಇಲ್ಲ. 2015ರಿಂದ ಎಚ್-4ನವರಿಗೂ ಅದು ಸಿಗುತ್ತಿದೆ, ಎಲ್ಲರಿಗೂ ಅಲ್ಲ. ಸಾಮಾನ್ಯವಾಗಿ ಗಂಡನ ಐ-140 (ಗ್ರೀನ್ ಕಾರ್ಡ್‌ಗಾಗಿ ಕಂಪನಿ ಹಾಕುವ ಅರ್ಜಿ) ಮಂಜೂರಾಗಿರಬೇಕು. ಅಲ್ಲಿಯ ತನಕ ಓದಬಹುದು, ದುಡಿಯುವ ಹಾಗಿಲ್ಲ. ‘ಸುಮ್ನೆ ಊರಿನ ಚಾನೆಲ್‌ಗೆ ಎರಡು ಸ್ಟೋರಿ ಕಳಿಸೋಣ’ ಅಂತಲೂ ಹೋಗಬೇಡಿ. ಹೊರದೇಶದ ಮಾಧ್ಯಮದವರಿಗೆ ಐ ವೀಸಾ ಅಂತ ಬೇರೆಯೇ ಇದೆ. ವಕೀಲರನ್ನು ಕೇಳಿ, ವಾಟ್ಸಾಪ್ ಗುಂಪನ್ನಲ್ಲ.
— ಓದುಗ, ಎಡಿಸನ್

*

ನಕ್ಕವರಿಗೆ ಪೀಟರ್ ಜೆನ್ನಿಂಗ್ಸ್ ಕಥೆ ಹೇಳಿ. ಕೆನಡಾದವರು, ಮಾತೃಭಾಷೆಯೇ ಇಂಗ್ಲಿಷ್, ಹೈಸ್ಕೂಲೂ ಮುಗಿಸಿರಲಿಲ್ಲ. 1965ರಲ್ಲಿ, 26ನೇ ವಯಸ್ಸಿಗೇ ಅಮೆರಿಕದ ಎಬಿಸಿ ಟೀವಿ ಅವರನ್ನು ಆಂಕರ್ ಮಾಡಿತು. ಅಮೆರಿಕದವರಂತೆ ‘ಲೂಟೆನೆಂಟ್’ ಅನ್ನಬೇಕಾದ ಕಡೆ ‘ಲೆಫ್ಟೆನೆಂಟ್’ ಅಂದರೆಂದು ಅವರನ್ನೂ ಆಡಿಕೊಂಡರು! ಮೂರು ವರ್ಷಕ್ಕೆ ಆ ಕುರ್ಚಿ ಬಿಟ್ಟು ವರದಿಗಾರಿಕೆಗೆ ಮರಳಿದರು. ಬೈರೂತ್‌ನಲ್ಲಿ ಇದ್ದರು, 1972ರ ಮ್ಯೂನಿಕ್ ಒಲಿಂಪಿಕ್ಸ್‌ನ ಒತ್ತೆಯಾಳು ಪ್ರಕರಣ ವರದಿ ಮಾಡಿದರು. 1983ರಲ್ಲಿ ಅದೇ ಆಂಕರ್ ಕುರ್ಚಿಗೆ ಬಂದವರು 2005ರ ತನಕ ಇದ್ದರು. ಅಮೆರಿಕದ ಪೌರತ್ವ ಪಡೆದದ್ದು 2003ರಲ್ಲಿ.

ಅಮೆರಿಕದ ಟೀವಿ ಪತ್ರಕರ್ತ ಹರಿ ಶ್ರೀನಿವಾಸನ್ ಹೆಸರು ಹೇಳಿ ಯಾರಾದರೂ ಹುರಿದುಂಬಿಸಬಹುದು. ಮುಂಬೈಯಲ್ಲಿ ಹುಟ್ಟಿದರೂ ಅವರು ಬಾಲ್ಯದಲ್ಲೇ ಅಮೆರಿಕಕ್ಕೆ ಹೋದವರು. ನಿಮಗೆ ಆ ಹೋಲಿಕೆ ಸಲ್ಲದು. ಮೆಕ್ಸಿಕೊದ ಹೋರ್ಹೆ ರಾಮೋಸ್ ನಿಮಗೆ ಹತ್ತಿರ. ವರದಿಗೆ ಕತ್ತರಿ ಹಾಕಿದರೆಂದು ಊರಿನ ಟೀವಿ ಕೆಲಸ ಬಿಟ್ಟು 1983ರಲ್ಲಿ ಲಾಸ್ ಏಂಜಲೀಸ್‌ಗೆ ಬಂದರು. ಓದುತ್ತಾ ಹೋಟೆಲಲ್ಲಿ ಸಪ್ಲೈಯರ್ ಆಗಿದ್ದರು. ಆಮೇಲೆ ಅಮೆರಿಕದ ಸ್ಪ್ಯಾನಿಷ್ ವಾಹಿನಿ ಯೂನಿವಿಷನ್‌ನಲ್ಲಿ ಸ್ಪ್ಯಾನಿಷ್‌ನಲ್ಲೇ ಸುದ್ದಿ ಓದಿ ಹೆಸರಾದರು. ಅಲ್ಲಿ ಸ್ಪ್ಯಾನಿಷ್‌ಗೆ ಕೋಟಿಗಟ್ಟಲೆ ಕಿವಿಗಳಿವೆ, ನಮ್ಮ ಕನ್ನಡಕ್ಕಿಲ್ಲ ಅನ್ನುವುದೂ ನಿಜವೇ.
— ನಿವೃತ್ತ ಉಪಸಂಪಾದಕ, ಧಾರವಾಡ

*

ನಾನು ಕ್ಯಾಮೆರಾಮನ್ ಆಗಿದ್ದವನು, ಈಗ ಬೇರೆ ಕೆಲಸದಲ್ಲಿದ್ದೇನೆ. ಒಂದೇ ಮಾತು. ನಿಮ್ಮ ಹಳೆಯ ವರದಿಗಳು ನಿಮ್ಮ ಹತ್ತಿರ ಇವೆಯಾ? ಅಲ್ಲಿ ಯಾವ ಸ್ಟೇಷನ್‌ಗೆ ಹೋದರೂ ಮೊದಲು ರೀಲ್ (ಹಳೆಯ ವರದಿಗಳ ತುಣುಕು ಜೋಡಿಸಿದ ವಿಡಿಯೊ) ಕೇಳುತ್ತಾರಂತೆ. ಹಳೆಯ ಗೆಳೆಯರು ಚಾನೆಲ್ ಬಿಡುವ ಮುಂಚೆ ಅನುಮತಿ ಕೇಳಿ ತರಿಸಿಕೊಳ್ಳಿ. ಆರು ವರ್ಷ ಶೂಟ್ ಮಾಡಿದ ನನ್ನ ಹತ್ತಿರ ಈಗ ಇರುವುದು ಬಣ್ಣ ಹೋದ ಐಡಿ ಕಾರ್ಡ್ ಮತ್ತು 2019ರ ಪ್ರವಾಹದ 40 ಸೆಕೆಂಡಿನ ಒಂದು ಕ್ಲಿಪ್. ಅದೂ ಯಾರೋ ಫಾರ್ವರ್ಡ್ ಮಾಡಿದ್ದು.
— ಓದುಗ, ಬೆಳಗಾವಿ