ಸಹಾಯ ಬೇಕು: ವಿಯೆಟ್ನಾಂನ ಮೀ ಸನ್ ನೋಡಿ ಬಂದವರು ಯಾರಾದರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾನು, ನಮ್ಮ ಯಜಮಾನರು ಹನೋಯಿಯಿಂದ ಶುರು ಮಾಡಿ ನಿಧಾನಕ್ಕೆ ಸುತ್ತುತ್ತಾ ಈಗ ಹೋಯ್ ಆನ್‌ನಲ್ಲಿದ್ದೇವೆ. ಭಾನುವಾರ ದಾ ನಾಂಗ್‌ನಿಂದ ವಾಪಸ್ ವಿಮಾನ.

ಅಷ್ಟರೊಳಗೆ ಮೀ ಸನ್ ನೋಡಲೇಬೇಕು ಅಂತ ಇಬ್ಬರಿಗೂ ಆಸೆ. ಚಾಮ್ ರಾಜರು ಕಟ್ಟಿಸಿದ ಇಟ್ಟಿಗೆಯ ಶಿವನ ಗುಡಿಗಳು. ಇಲ್ಲಿಂದ ಸುಮಾರು 40 ಕಿಲೋಮೀಟರ್. ಅಲ್ಲಿನ ಎತ್ತರದ ಗೋಪುರವೇ 1969ರ ಅಮೆರಿಕದ ಬಾಂಬ್ ದಾಳಿಯಲ್ಲಿ ಉರುಳಿಹೋಯಿತು. ಉಳಿದದ್ದನ್ನಾದರೂ ಕಣ್ತುಂಬ ನೋಡಬೇಕು ಅಲ್ವಾ?

ಆದರೆ ಮೊನ್ನೆಯಿಂದ ಇವರ ಬಲ ಮಂಡಿ ಊದಿಕೊಂಡಿದೆ. ಹೋಟೆಲ್ ಮೆಟ್ಟಿಲನ್ನೂ ನನ್ನ ಭುಜ ಹಿಡಿದು, ಒಂದೊಂದಾಗಿ ಇಳಿಯುತ್ತಾರೆ. "ನೀನು ಹೋಗಿ ಬಾ, ನಾನು ರೂಮಲ್ಲಿ ಇರ್ತೀನಿ" ಅನ್ನುತ್ತಾರೆ. ಬಿಟ್ಟು ಹೋಗಲು ನನಗೆ ಮನಸ್ಸಿಲ್ಲ. ಈ ವಯಸ್ಸಿನಲ್ಲಿ ಇಷ್ಟು ದೂರ ಮತ್ತೆ ಬರುವುದು ಕಷ್ಟ.

ಗೇಟಿನಿಂದ ಒಳಗೆ ಬ್ಯಾಟರಿ ಗಾಡಿ ಇದೆ. ಅದರಿಂದ ಇಳಿದ ಮೇಲೆ ಮುಖ್ಯ ಗುಡಿಗಳಿಗೆ ಎಷ್ಟು ನಡೆಯಬೇಕು? ಮೆಟ್ಟಿಲು ಜಾಸ್ತಿ ಇದೆಯಾ? ನಡುವೆ ನೆರಳಲ್ಲಿ ಕೂರಲು ಜಾಗ ಸಿಗುತ್ತಾ? ಬಿಸಿಲೇರುವ ಮುಂಚೆ ನೋಡಿ ಮುಗಿಸಲು ಎಷ್ಟು ಗಂಟೆಗೆ ಹೊರಡಬೇಕು? ವೀಲ್‌ಚೇರ್ ಬಾಡಿಗೆಗೆ ಸಿಗುವ ಅಂಗಡಿ ಹೋಯ್ ಆನ್‌ನಲ್ಲಿ ಗೊತ್ತಿದ್ದರೂ ಹೇಳಿ.

ಶುಕ್ರವಾರ ಸಂಜೆಯೊಳಗೆ ತಿಳಿಸಿದರೆ ಶನಿವಾರಕ್ಕೆ ಕಾರು ಹೇಳುತ್ತೇನೆ. ದಯವಿಟ್ಟು ಹೋಗಿ ಬಂದವರು ಒಂದೆರಡು ಸಾಲಾದರೂ ಬರೆಯಿರಿ.