ಪೆಲೆಟ್ ಗ್ರಿಲ್ ಎಷ್ಟು ವರ್ಷ ಬಾಳುತ್ತದೆ? ಬಳಸಿದವರು ಹೇಳಿ

ಪ್ರಶ್ನೆ

ಕಟ್ಟಿಗೆ ಪೆಲೆಟ್, ಅಂದರೆ ಮರದ ಹೊಟ್ಟು ಒತ್ತಿ ಮಾಡಿದ ಸಣ್ಣ ತುಂಡು, ಹಾಕಿ ಓಡಿಸುವ ಗ್ರಿಲ್ ಒಂದನ್ನು ತಗೊಳ್ಳಬೇಕು ಅಂತಿದ್ದೇನೆ. ಇಷ್ಟು ದಿನ ಇದ್ದಿಲಿನ ಗ್ರಿಲ್ ಬಳಸಿದವನು ನಾನು. ಅದರಲ್ಲಿ ಕೆಡೋಕೆ ಏನೂ ಇರಲಿಲ್ಲ. ಹನ್ನೊಂದು ವರ್ಷ ಬಂತು, ಕೊನೆಗೆ ತಳ ತೂತಾಯಿತು, ಅಷ್ಟೇ. ಇದರಲ್ಲಿ ನೋಡಿದರೆ ಮೋಟರ್, ಫ್ಯಾನ್, ಸರ್ಕ್ಯೂಟ್ ಬೋರ್ಡ್ ಎಲ್ಲ ಇವೆ. ಅದೇ ಭಯ. ಒಬ್ಬರು ಮೂರೇ ವರ್ಷಕ್ಕೆ ಗುಜರಿಗೆ ಹಾಕಿದೆ ಅಂತಾರೆ, ಇನ್ನೊಬ್ಬರು ಹತ್ತು ವರ್ಷ ಆಯ್ತು ಇನ್ನೂ ಗಟ್ಟಿಮುಟ್ಟಾಗಿದೆ ಅಂತಾರೆ. ಯಾರನ್ನು ನಂಬೋದು? ಮೊದಲು ಎಲ್ಲಿ ಕೆಡುತ್ತದೆ, ಕೊಳ್ಳುವಾಗ ಏನು ನೋಡಬೇಕು, ಸ್ವಂತ ಅನುಭವ ಇದ್ದವರು ಹೇಳಿ. ಜಾಹೀರಾತಿನ ಮಾತು ಬೇಡ.

ಎಂಟು ವರ್ಷದ ಬಳಕೆ, ಈಗ ಎರಡನೇ ಗ್ರಿಲ್

ಇಬ್ಬರೂ ನಿಜ ಹೇಳುತ್ತಿದ್ದಾರೆ. ನನ್ನ ಮೊದಲನೆಯದು ಮೂರೂವರೆ ವರ್ಷಕ್ಕೆ ಹೋಯಿತು. ಈಗಿನದು ಐದನೇ ವರ್ಷದಲ್ಲಿದೆ, ಒಂದು ಬೋಲ್ಟ್ ಕೂಡ ಸಡಿಲವಾಗಿಲ್ಲ.

ನಿಮ್ಮ ಹಳೆಯದು ಒಲೆ, ಇದು ಮಷೀನು. ಪಕ್ಕದ ಡಬ್ಬದಲ್ಲಿ, ಅಂದರೆ ಹಾಪರ್‌ನಲ್ಲಿ, ಪೆಲೆಟ್ ತುಂಬುತ್ತೀರಿ. ಅದರ ತಳದಲ್ಲಿ ಆಗರ್ ಅನ್ನುವ ಉದ್ದನೆಯ ಸ್ಕ್ರೂ ನಿಧಾನವಾಗಿ ತಿರುಗಿ ಪೆಲೆಟ್‌ಗಳನ್ನು ಸ್ವಲ್ಪ ಸ್ವಲ್ಪವಾಗಿ ತಳ್ಳಿಕೊಂಡು ಹೋಗಿ ಫೈರ್ ಪಾಟ್ ಅನ್ನುವ ಬಟ್ಟಲಿಗೆ ಬೀಳಿಸುತ್ತದೆ. ಅಲ್ಲೊಂದು ಇಗ್ನೈಟರ್ ರಾಡ್ ಕೆಂಪಗೆ ಕಾದು ಬೆಂಕಿ ಹತ್ತಿಸುತ್ತದೆ, ಆಮೇಲೆ ಫ್ಯಾನ್ ಊದುತ್ತಲೇ ಇರುತ್ತದೆ. ಇಡೀ ಗ್ರಿಲ್‌ನಲ್ಲಿ ನಿಜವಾದ ಬೆಂಕಿ ಇರೋದು ಒಂದು ದೊಡ್ಡ ಲೋಟದಷ್ಟು ಜಾಗದಲ್ಲಿ ಮಾತ್ರ. ಹಾಗಾಗಿ ಸವೆಯೋದೂ ಅಲ್ಲೇ. ನಾವೆಲ್ಲ ಅಂಗಡಿಯಲ್ಲಿ ಮುಚ್ಚಳ ತಟ್ಟಿ ನೋಡಿ "ಆಹಾ, ಏನು ಭಾರ" ಅಂತ ತಲೆದೂಗುತ್ತೇವೆ. ಮುಚ್ಚಳ ಕೆಟ್ಟು ಗ್ರಿಲ್ ಹೋದದ್ದನ್ನು ನಾನಂತೂ ನೋಡಿಲ್ಲ.

ನನ್ನ ಮೊದಲನೆಯದರ ಕಥೆ ಕೇಳಿ. ಅದರ ಪಾಟ್ ಸಾದಾ ಕಬ್ಬಿಣದ ತಗಡಿನದು, ಮೇಲೆ ಕಪ್ಪು ಬಣ್ಣ ಬಳಿದಿದ್ದರು. ಮೂರನೇ ವರ್ಷ ಒಂದು ದಿನ ಬೂದಿ ತೆಗೆಯೋಕೆ ಅಂತ ತಟ್ಟೆ ಎತ್ತಿ, ಪಾಟ್‌ನ ಒಳಗೋಡೆಯನ್ನು ಹೆಬ್ಬೆರಳಿನಿಂದ ಸುಮ್ನೆ ಒತ್ತಿದೆ. ಒಣಗಿದ ತೊಗಟೆ ಥರ ಪದರ ಪದರವಾಗಿ ಉದುರಿತು. ಕೆಳಗಿನ ಮೂಲೆಯಲ್ಲಿ ಆಗಲೇ ಬೆರಳು ತೂರುವಷ್ಟು ತೂತು. ಆ ತೂತಿನಿಂದ ಕೆಂಡ ಗ್ರಿಲ್‌ನ ಹೊಟ್ಟೆಗೆ ಬೀಳುತ್ತಿತ್ತು, ಅಲ್ಲಿನ ಬಣ್ಣ ಸುಟ್ಟಿತು, ಬಣ್ಣ ಹೋದ ಕಡೆ ತುಕ್ಕು ಕೂತಿತು. ಪಾಟ್ ಬದಲಾಯಿಸೋಣ ಅಂದರೆ ಅದನ್ನು ದೇಹಕ್ಕೆ ಬೆಸುಗೆ ಹಾಕಿಬಿಟ್ಟಿದ್ದಾರೆ! ಒಂದು ಬಟ್ಟಲಿನ ದೆಸೆಯಿಂದ ಇಡೀ ಗ್ರಿಲ್ ಗುಜರಿಗೆ ಹೋಯಿತು.

ಎರಡನೆಯದನ್ನು ಕೊಳ್ಳುವಾಗ ಜೇಬಲ್ಲಿ ಒಂದು ಟಾರ್ಚ್, ಒಂದು ಆಯಸ್ಕಾಂತ ಇಟ್ಟುಕೊಂಡು ಹೋದೆ. ಅಂಗಡಿಯವರು ವಿಚಿತ್ರವಾಗಿ ನೋಡಿದರು, ನೋಡಲಿ ಬಿಡಿ. ಗ್ರಿಲ್‌ನ ಜಾಲರಿ, ಜಿಡ್ಡು ಹರಿಯುವ ತಟ್ಟೆ, ಅದರ ಕೆಳಗಿನ ಶಾಖ ಹರಡುವ ತಟ್ಟೆ, ಮೂರನ್ನೂ ತೆಗೆಸಿ ಪಾಟ್ ನೋಡಿದೆ. ಸ್ಟೇನ್‌ಲೆಸ್ ಇತ್ತು, ಬೋಲ್ಟ್ ಬಿಚ್ಚಿದರೆ ಕೈಗೆ ಬರುವ ಹಾಗಿತ್ತು. ಆಗಲೇ ಅರ್ಧ ಮನಸ್ಸು ಮಾಡಿದೆ.

ಸ್ಟೇನ್‌ಲೆಸ್ ಅಂದ ತಕ್ಷಣ ಎಲ್ಲ ಒಂದೇ ಅಲ್ಲ. 304 ಅನ್ನೋ ದರ್ಜೆಯದರಲ್ಲಿ ನೂರಕ್ಕೆ ಸುಮಾರು 18 ಭಾಗ ಕ್ರೋಮಿಯಂ, 8 ಭಾಗ ನಿಕಲ್ ಇರುತ್ತದೆ. 430ರಲ್ಲಿ ಕ್ರೋಮಿಯಂ ಇದೆ, ನಿಕಲ್ ಇಲ್ಲವೆನ್ನುವಷ್ಟು ಕಮ್ಮಿ. 430ಕ್ಕೆ ಆಯಸ್ಕಾಂತ ಗಟ್ಟಿಯಾಗಿ ಅಂಟುತ್ತದೆ, 304ಕ್ಕೆ ಸಾಮಾನ್ಯವಾಗಿ ಅಂಟೋದಿಲ್ಲ. ಬಾಗಿಸಿದ ಅಂಚಿನಲ್ಲಿ 304 ಕೂಡ ಚೂರು ಎಳೆಯಬಹುದು, ಅದಕ್ಕೆ ನಡುವಿನ ಚಪ್ಪಟೆ ಜಾಗದಲ್ಲೇ ಇಟ್ಟು ನೋಡಿ. ಹಾಗಂತ 430 ಕೆಟ್ಟದ್ದೇನಲ್ಲ, ಬೆಂಕಿ ತಡೆಯುತ್ತದೆ. ತೇವ ಇರುವ ಕಡೆ ಮಾತ್ರ 304ರಷ್ಟು ಬಾಳಿಕೆ ಬರೋದಿಲ್ಲ.

ತಗಡಿನ ದಪ್ಪವನ್ನು ಗೇಜ್‌ನಲ್ಲಿ ಹೇಳುತ್ತಾರೆ, ಅಲ್ಲೂ ಒಂದು ಮೋಸ ಹೋಗುವ ಜಾಗ ಇದೆ: ಸಂಖ್ಯೆ ಜಾಸ್ತಿ ಆದಷ್ಟೂ ತಗಡು ತೆಳು. 16 ಗೇಜ್ ಅಂದರೆ ಸುಮಾರು ಒಂದೂವರೆ ಮಿಲಿಮೀಟರ್, 20 ಅಂದರೆ ಒಂದು ಮಿಲಿಮೀಟರ್‌ಗಿಂತಲೂ ಕಮ್ಮಿ.

ಎರಡು ವರ್ಷ

ನನ್ನದು ತಗಡಿನ ಕಥೆ ಅಲ್ಲ, ನನ್ನದೇ ದಡ್ಡತನದ ಕಥೆ. ಹಾಪರ್ ತುಂಬ ಪೆಲೆಟ್ ಬಿಟ್ಟು ಮಳೆಗಾಲದಲ್ಲಿ ಒಂದೂವರೆ ತಿಂಗಳು ಗ್ರಿಲ್ ಕಡೆ ತಿರುಗಿಯೂ ನೋಡಲಿಲ್ಲ. ಮುಚ್ಚಳದ ಸಂದಿಯಲ್ಲಿ ನೀರು ಇಳಿದಿದೆ. ಪೆಲೆಟ್ ಅಂದರೆ ಮರದ ಹೊಟ್ಟನ್ನು ಒತ್ತಿ ಮಾಡಿದ್ದು ತಾನೇ, ಹೆಚ್ಚಿನವಕ್ಕೆ ಬೇರೆ ಅಂಟೇ ಹಾಕೋದಿಲ್ಲ, ಮರದೊಳಗಿನ ಲಿಗ್ನಿನ್ನೇ ಬಿಸಿಗೆ ಮೆತ್ತಗಾಗಿ ಹಿಡಿದಿಟ್ಟಿರುತ್ತದೆ. ನೀರು ತಾಗಿದರೆ ಉಬ್ಬಿ ಮತ್ತೆ ಹೊಟ್ಟಾಗುತ್ತದೆ. ಆಗರ್ ಪೈಪಿನೊಳಗೆ ಉಬ್ಬಿದ್ದು ಅಲ್ಲೇ ಒಣಗಿ ಸಿಮೆಂಟ್ ಆಗಿತ್ತು.

ಸ್ವಿಚ್ ಹಾಕಿದರೆ ಮೋಟರ್ ಗುಂಯ್ ಅನ್ನುತ್ತದೆ, ಆಮೇಲೆ ಟಕ್ ಅಂತ ಒಂದು ಸದ್ದು. ಮೋಟರ್ ಹೋಯಿತು ಅಂದುಕೊಂಡೆ. ಹೋಗಿದ್ದು ಮೋಟರ್ ಮತ್ತು ಆಗರ್ ಸೇರಿಸುವ ಸಣ್ಣ ಪಿನ್. ಮೋಟರ್ ಉಳಿಯಲಿ ಅಂತಲೇ ಅದನ್ನು ಮುರಿಯುವ ಹಾಗೆ ಮಾಡಿರುತ್ತಾರಂತೆ. ಆಗರ್ ಹೊರಗೆ ತೆಗೆಯೋಕೆ ಒಂದಿಡೀ ಭಾನುವಾರ ಹೋಯಿತು, ಉಳಿ ಸುತ್ತಿಗೆ ಹಿಡಿದು ಕೆತ್ತಿ ಕೆತ್ತಿ ತೆಗೆದೆ. ಈಗ ಕೆಲಸ ಮುಗಿದ ತಕ್ಷಣ ಪೆಲೆಟ್ ಖಾಲಿ ಮಾಡಿ, ಮುಚ್ಚಳ ಬಿಗಿ ಇರುವ ಡಬ್ಬಕ್ಕೆ ಹಾಕಿಡುತ್ತೇನೆ. ಹಾಪರ್‌ಗೆ ಖಾಲಿ ಮಾಡುವ ಬಾಗಿಲು ಇದೆಯಾ ನೋಡಿಕೊಳ್ಳಿ. ನನ್ನದಕ್ಕಿಲ್ಲ, ಲೋಟದಲ್ಲಿ ಮೊಗೆಯಬೇಕು.

ಹತ್ತು ವರ್ಷ ದಾಟಿದೆ, ಅದೇ ಗ್ರಿಲ್

ದಪ್ಪ, ಗೇಜ್, ಆಯಸ್ಕಾಂತ ಎಲ್ಲ ಸರಿ ಸ್ವಾಮಿ. ನನ್ನದು ತೆಳು ತಗಡಿನದೇ. ಮುಚ್ಚಳದ ಮೂಲೆ ಹಿಡಿದು ಎತ್ತಿದರೆ ಸೊಟ್ಟಗಾಗುತ್ತದೆ. ಆದರೂ ಹತ್ತು ವರ್ಷ ಬಂದಿದೆ. ಈ ಹತ್ತು ವರ್ಷದಲ್ಲಿ ಇಗ್ನೈಟರ್ ಮೂರು ಸಲ, ಫ್ಯಾನ್ ಒಂದು ಸಲ, ಶಾಖ ಹರಡುವ ತಟ್ಟೆ ಒಂದು ಸಲ ಬದಲಾಯಿಸಿದ್ದೇನೆ. ತಟ್ಟೆ ಪಾಟ್‌ನ ನೇರ ಮೇಲಿರುತ್ತದಲ್ಲ, ಬೆಂಕಿ ತಾಗಿ ತಾಗಿ ದೋಣಿ ಥರ ಬಾಗಿತ್ತು.

ಜನ ಮಾಡುವ ತಪ್ಪು ಬೂದಿ ಬಿಡೋದು. ಪೆಲೆಟ್ ಬೂದಿ ಬಹಳ ಕಮ್ಮಿ, ಒಳ್ಳೆಯದರಲ್ಲಿ ನೂರಕ್ಕೆ ಒಂದು ಭಾಗಕ್ಕಿಂತಲೂ ಕಮ್ಮಿ, ಅದಕ್ಕೇ ಆಮೇಲೆ ತೆಗೆದರಾಯ್ತು ಅನ್ನಿಸುತ್ತದೆ. ಆದರೆ ಮರದ ಬೂದಿಯಲ್ಲಿ ಕ್ಷಾರದ ಉಪ್ಪುಗಳಿರುತ್ತವೆ, ಗಾಳಿಯ ತೇವ ಹೀರಿಕೊಂಡು ತಳದಲ್ಲಿ ಒದ್ದೆ ಪೇಸ್ಟ್ ಆಗಿ ಕೂತುಬಿಡುತ್ತದೆ. ಜೊತೆಗೆ ಜಿಡ್ಡು ಬೇರೆ. ಹೊರಗಿನ ಮಳೆಗಿಂತ ಒಳಗಿನ ಈ ಪೇಸ್ಟ್ ಜಾಸ್ತಿ ತಿನ್ನುತ್ತದೆ. ನಾನು ಮೂರು ನಾಲ್ಕು ಸಲ ಬಳಸಿದ ಮೇಲೆ, ಪೂರ್ತಿ ಆರಿ ಒಂದು ರಾತ್ರಿ ಕಳೆದ ನಂತರ, ವ್ಯಾಕ್ಯೂಮ್‌ನಲ್ಲಿ ಎಳೆದುಬಿಡುತ್ತೇನೆ. ರಾತ್ರಿ ಕಳೆಯಲೇಬೇಕು. ಬೂದಿಯೊಳಗೆ ಒಂದು ಕೆಂಡ ಉಳಿದಿದ್ದರೆ ವ್ಯಾಕ್ಯೂಮ್‌ಗೇ ಬೆಂಕಿ.

ಇನ್ನೊಂದು, ಹೊದಿಕೆ. ಬಿಸಿ ಇರುವಾಗಲೇ ಹೊದಿಸಿದರೆ ಒಳಗೆ ಆವಿ ನಿಂತು ಬೆವರುತ್ತದೆ. ಅದಕ್ಕಿಂತ ಹೊದಿಸದೆ ಸೂರಿನ ಕೆಳಗೆ ಬಿಡೋದೇ ವಾಸಿ.

ಕೇಳಿದವರು

ಇಷ್ಟು ವಿವರ ಸಿಗುತ್ತೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಎಲೆಕ್ಟ್ರಾನಿಕ್ಸ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ? ಬೋರ್ಡ್ ಹೋದರೆ ಕಥೆ ಮುಗೀತು ಅಂತ ಕೇಳಿದ್ದೆ. ವೈಫೈ ಇರೋದು ತಗೊಳ್ಳಲಾ, ಬೇಡವಾ?

ಎಲೆಕ್ಟ್ರಾನಿಕ್ಸ್ ರಿಪೇರಿ ನನ್ನ ಕೆಲಸ. ಮನೆಯಲ್ಲೂ ಒಂದಿದೆ, ಆರು ವರ್ಷ

ಬೋರ್ಡ್ ಹೋಯಿತು ಅಂತ ತರುವವುಗಳಲ್ಲಿ ಎಷ್ಟೋ ಸಲ ಬೋರ್ಡ್ ಚೆನ್ನಾಗೇ ಇರುತ್ತದೆ. ಹೋಗಿರೋದು ಇಗ್ನೈಟರ್. ಅದು ಶಾರ್ಟ್ ಆದಾಗ ಬೋರ್ಡ್ ಮೇಲಿನ ಫ್ಯೂಸ್ ಹಾರುತ್ತದೆ, ಡಿಸ್‌ಪ್ಲೇ ಕಪ್ಪಾಗುತ್ತದೆ, ಜನ ಹೊಸ ಬೋರ್ಡ್ ತರಿಸುತ್ತಾರೆ. ಹೊಸ ಬೋರ್ಡ್ ಹಾಕಿದ ತಕ್ಷಣ ಅದರ ಫ್ಯೂಸೂ ಹಾರುತ್ತದೆ. ಮೊದಲು ಇಗ್ನೈಟರ್ ವೈರ್ ಕಳಚಿ, ಹೊಸ ಫ್ಯೂಸ್ ಹಾಕಿ ನೋಡಿ. ಡಿಸ್‌ಪ್ಲೇ ಬಂದರೆ ಕಳ್ಳ ಸಿಕ್ಕಿದ ಹಾಗೆ. ಪ್ಲಗ್ ತೆಗೆದಿಟ್ಟೇ ಕೈ ಹಾಕಿ, ಇದನ್ನು ಹೇಳಬೇಕಿಲ್ಲ ಅಂದುಕೊಳ್ಳುತ್ತೇನೆ.

ಎರಡನೆಯದು ಶಾಖ ಅಳೆಯುವ ಪ್ರೋಬ್. ಬೆಂಕಿ ಸರಿ ಇದ್ದರೂ ಗ್ರಿಲ್ ಏರುಪೇರು ತೋರಿಸಿದರೆ ಪ್ರೋಬ್ ಮೇಲೆ ಮಸಿ ಮತ್ತು ಜಿಡ್ಡು ಕೂತಿದೆಯಾ ನೋಡಿ, ಬಟ್ಟೆಯಲ್ಲಿ ಒರೆಸಿದರೆ ಸಾಕಾಗಬಹುದು. ಪಿಟಿ 1000 ಅನ್ನುವ ಬಗೆಯ ಪ್ರೋಬ್ ಆಗಿದ್ದರೆ ಮಲ್ಟಿಮೀಟರ್ ಹಿಡಿದು ನೋಡಬಹುದು. 0 ಡಿಗ್ರಿಗೆ 1000 ಓಮ್, 25 ಡಿಗ್ರಿಗೆ ಸುಮಾರು 1097. ಇದರ ಹತ್ತಿರ ಬಂದರೆ ಪ್ರೋಬ್ ಸರಿ ಇದೆ.

ವೈಫೈ ಇದ್ದರೆ ಇರಲಿ, ಆದರೆ ಆ್ಯಪ್ ಇಲ್ಲದೆಯೂ ಗುಂಡಿ ತಿರುಗಿಸಿ ಪೂರ್ತಿ ಓಡಿಸುವ ಹಾಗಿರಬೇಕು. ತಗಡಿನ ಆಯಸ್ಸು ಆ್ಯಪ್‌ನ ಆಯಸ್ಸಿಗಿಂತ ಜಾಸ್ತಿ.

ಎಂಟು ವರ್ಷದ ಬಳಕೆ, ಎರಡನೇ ಗ್ರಿಲ್ (ಮತ್ತೆ ನಾನೇ)

ಬಿಡಿಭಾಗದ ವಿಷಯ ಬಂದಿದ್ದಕ್ಕೆ ಒಂದು ಮಾತು. ಈ ಥರದ ಗ್ರಿಲ್‌ನ ಪೇಟೆಂಟ್ ಅಮೆರಿಕದ ಟ್ರೇಗರ್ ಕಂಪನಿಯ ಕೈಲಿತ್ತು, 2006ರಲ್ಲಿ ಅದರ ಅವಧಿ ಮುಗಿಯಿತು. ಆಮೇಲೆ ಬೇರೆಯವರೂ ಅದೇ ಅಚ್ಚಿನಲ್ಲಿ ಮಾಡೋಕೆ ಶುರು ಮಾಡಿದರು. ಅದರಿಂದ ನಮಗೆ ಆದ ಲಾಭ ಏನಂದರೆ ಇಗ್ನೈಟರ್, ಫ್ಯಾನ್, ಆಗರ್ ಮೋಟರ್ ಇಂಥವು ಒಂದೇ ಕಂಪನಿಗೆ ಕಟ್ಟುಬಿದ್ದಿಲ್ಲ, ಹೊರಗೂ ಸಿಗುತ್ತವೆ. ತರಿಸುವಾಗ ವೋಲ್ಟೇಜ್ ಮತ್ತು ಮೋಟರ್ ನಿಮಿಷಕ್ಕೆ ಎಷ್ಟು ಸುತ್ತು ಅನ್ನೋದನ್ನು ಹಳೆಯದರ ಚೀಟಿ ನೋಡಿ ಹೊಂದಿಸಿಕೊಳ್ಳಿ. ಸುತ್ತು ಜಾಸ್ತಿ ಇರುವ ಮೋಟರ್ ಹಾಕಿದರೆ ಪೆಲೆಟ್ ಜಾಸ್ತಿ ಬಿದ್ದು ಪಾಟ್ ಉಕ್ಕುತ್ತದೆ.

ವಾರಂಟಿಯಲ್ಲಿ ದೊಡ್ಡ ಅಕ್ಷರದ ವರ್ಷ ನೋಡಿ ಖುಷಿಪಡಬೇಡಿ. ದೇಹಕ್ಕೆ ಎಷ್ಟು, ಎಲೆಕ್ಟ್ರಾನಿಕ್ಸ್‌ಗೆ ಎಷ್ಟು, ಪಾಟ್‌ಗೆ ಎಷ್ಟು, ಬೇರೆ ಬೇರೆಯಾಗಿ ಓದಿ. ತುಕ್ಕು, ಬಣ್ಣ ಏಳೋದು ಸೇರಿಲ್ಲ ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ನನ್ನ ಮೊದಲನೆಯದರಲ್ಲಿ ಹಾಗೇ ಆಗಿತ್ತು. ಪಾಟ್ ಸುಟ್ಟುಹೋಗಿದ್ದನ್ನು "ಸಹಜ ಸವೆತ" ಅಂದರು.

ಆರಿಸುವಾಗ ಪ್ಲಗ್ ಕೀಳಬೇಡಿ. ಆಫ್ ಮಾಡಿದ ಮೇಲೂ ಫ್ಯಾನ್ ಸುಮಾರು ಹೊತ್ತು ಓಡಿ, ಪಾಟ್‌ನಲ್ಲಿ ಉಳಿದ ಪೆಲೆಟ್ ಸುಟ್ಟು ಮುಗಿಸುತ್ತದೆ. ಅರ್ಧಕ್ಕೆ ನಿಲ್ಲಿಸಿದರೆ ಬೆಂಕಿ ಆಗರ್ ಪೈಪಿನಲ್ಲಿ ಹಿಂದಕ್ಕೆ, ಹಾಪರ್ ಕಡೆಗೆ ತೆವಳಬಹುದು. ಪಕ್ಕದ ಮನೆಯವರದ್ದು ಹಾಗಾಗಿದ್ದನ್ನು ನೋಡಿದ್ದೇನೆ. ಹಾಪರ್ ಮುಚ್ಚಳದಿಂದ ಹಳದಿ ಹೊಗೆ, ಹೊರಗಿನ ಬಣ್ಣ ಗುಳ್ಳೆ ಗುಳ್ಳೆ ಎದ್ದಿತ್ತು.

ಕೇಳಿದವರು

ನಿನ್ನೆ ಎರಡು ನೋಡಿ ಬಂದೆ, ಟಾರ್ಚ್ ಆಯಸ್ಕಾಂತ ಸಮೇತ. ಮೊದಲನೆಯದು ನೋಡೋಕೆ ಭರ್ಜರಿ, ಎರಡು ಪದರದ ಮುಚ್ಚಳ, ದೊಡ್ಡ ಡಿಸ್‌ಪ್ಲೇ. ಕೆಳಗೆ ಬಗ್ಗಿ ಟಾರ್ಚ್ ಬಿಟ್ಟರೆ ಕಾಲುಗಳನ್ನು ಸಣ್ಣ ತಗಡಿನ ಸ್ಕ್ರೂಗಳಲ್ಲಿ ಹಿಡಿಸಿದ್ದಾರೆ, ಪ್ರದರ್ಶನಕ್ಕಿಟ್ಟ ಪೀಸ್‌ನಲ್ಲೇ ಎರಡು ಸ್ಕ್ರೂ ತಲೆ ಕೆಂಪಗಾಗಿವೆ. ಎರಡನೆಯದರ ಮುಚ್ಚಳ ಸ್ವಲ್ಪ ತೆಳು. ಆದರೆ ಕಾಲು ಬೋಲ್ಟ್ ನಟ್ಟಿನದು, ಪಾಟ್ ಎರಡು ಬೋಲ್ಟ್‌ಗೆ ಕೈಗೆ ಬಂತು, ಆಯಸ್ಕಾಂತ ಜಾರಿ ಕೆಳಗೆ ಬಿತ್ತು. ಅದನ್ನೇ ಹೇಳಿ ಬಂದಿದ್ದೇನೆ. ಹಾಪರ್‌ಗೆ ಖಾಲಿ ಮಾಡುವ ಬಾಗಿಲೂ ಇದೆ, ಆದರೆ ಅದರ ಕೆಳಗೆ ಬಕೆಟ್ ಇಡೋಕೆ ಜಾಗವೇ ಇಲ್ಲ!

ಎರಡು ವರ್ಷ

ಬಕೆಟ್ ಯಾಕೆ, ಪೆಲೆಟ್ ಬಂದ ಚೀಲವನ್ನೇ ಬಾಗಿಲ ಬಾಯಿಗೆ ಸಿಕ್ಕಿಸಿ ಹಿಡಿಯಿರಿ. ನನಗೆ ಆ ಬಾಗಿಲೇ ಇಲ್ಲ ಮಾರಾಯ್ರೆ.