ಪುಟ್ಟಿ ಬಳಪ ತಿನ್ನುತ್ತಾಳೆ ಅಂದಿದ್ದಕ್ಕೆ ದೊಡ್ಡಮ್ಮನ ಉತ್ತರ

ತಂಗಿ, ನಿನ್ನ ಮೆಸೇಜನ್ನು ಈಗ ಮೊಮ್ಮಗ ಓದಿ ಹೇಳಿದ. ಒತ್ತಿ ಒತ್ತಿ ಬರೆಯಲು ನನಗೆ ಆಗುವುದಿಲ್ಲ, ಮಾತಾಡಿಯೇ ಕಳಿಸುತ್ತಿದ್ದೇನೆ. ಉದ್ದ ಆಗುತ್ತದೆ. ಎಲ್ಲರೂ ಪೂರ್ತಿ ಕೇಳಿ. ಅರ್ಧ ಕೇಳಿ ಹೆಬ್ಬೆರಳು ಹಾಕಿ ಸುಮ್ಮನಾಗಬೇಡಿ.

ನಿನ್ನ ಮಗಳು ಪುಟ್ಟಿ ಈಗ ಐದು ತಿಂಗಳ ಬಸುರಿ. ಬಳಪ ತಿನ್ನುತ್ತಾಳೆ, ಮೊನ್ನೆ ಮಳೆ ಬಂದಾಗ ಹಿತ್ತಲ ಮಣ್ಣು ಕೆರೆದು ಬಾಯಿಗೆ ಹಾಕಿಕೊಂಡಳು ಅಂತ ಬಂಗಾರಪೇಟೆಯಿಂದ ಅವಳ ಅತ್ತೆ ಫೋನ್ ಮಾಡಿದರು. ಇದು ಬಯಕೆ ಅಂತ ಬಿಡಲಾ, ಬೈದು ಬಿಡಿಸಲಾ ಅಂತ ನೀನು ಕೇಳಿದ್ದೀಯ. ಅಷ್ಟು ಗಾಬರಿಯಿಂದ ಕೇಳಿದ್ದಕ್ಕೆ ಗ್ರೂಪಿನಲ್ಲಿ ಬಂದಿದ್ದೇನು? ಸಾಲಾಗಿ ನಗುವ ಮುಖಗಳು. ಚಿಂತಾಮಣಿ ಅತ್ತಿಗೆ, ನೀವು "ಕೃಷ್ಣನೂ ಮಣ್ಣು ತಿಂದಿದ್ದ, ಕೃಷ್ಣನೇ ಹುಟ್ಟುತ್ತಾನೆ ಬಿಡು" ಅಂತ ಹಾಕಿದ್ದೀರಿ. ನೀವು ದೊಡ್ಡವರು, ಪ್ರೀತಿಯಿಂದಲೇ ಹೇಳಿದ್ದೀರಿ, ಅದು ನನಗೆ ಗೊತ್ತು. ಆದರೆ ಆ ಮಾತು ಕಿವಿಗೆ ಬಿದ್ದರೆ ನನಗೆ ಇವತ್ತಿಗೂ ಹೊಟ್ಟೆಯೊಳಗೆ ಸಂಕಟ ಆಗುತ್ತದೆ. ನಮ್ಮಿಬ್ಬರ ನಡುವೆ ಹುಟ್ಟಿದ ನಡುವಿನವಳಿಗೂ ಎಲ್ಲರೂ ಇದೇ ಮಾತು ಹೇಳಿದ್ದರು.

ತಂಗಿ, ನಿನಗೆ ಅದು ಸರಿಯಾಗಿ ನೆನಪಿರಲಿಕ್ಕಿಲ್ಲ. ಆಗ ನೀನಿನ್ನೂ ಲಂಗ ಹಾಕುತ್ತಿದ್ದ ಹುಡುಗಿ. ಚಿಕ್ಕಬಳ್ಳಾಪುರ ಜಿಲ್ಲೆ ಆಗಿದ್ದು 2007ರಲ್ಲಿ, ಅದಕ್ಕೂ ಬಹಳ ಹಿಂದಿನ ಮಾತು ಇದು. ಎಲ್ಲಾ ಸೇರಿ ಕೋಲಾರ ಜಿಲ್ಲೆಯೇ ಆಗ. ನಡುವಿನವಳು ಎರಡನೇ ಬಾಣಂತನಕ್ಕೆ ತವರಿಗೆ ಬಂದಿದ್ದಳು. ನಾನೂ ಮಕ್ಕಳನ್ನು ಕರೆದುಕೊಂಡು ಊರಿಗೆ ಬಂದಿದ್ದೆ. ಬಂದ ದಿನವೇ ನೋಡುತ್ತೇನೆ, ದನದ ಕೊಟ್ಟಿಗೆಯ ಹಿಂದೆ ನಿಂತು ಮಣ್ಣಿನ ಗೋಡೆಗೆ ನೀರು ಚಿಮುಕಿಸಿ ಆ ವಾಸನೆ ಎಳೆದುಕೊಳ್ಳುತ್ತಿದ್ದಾಳೆ. ಸೆರಗಿನ ಗಂಟಿನಲ್ಲಿ ಕೆಮ್ಮಣ್ಣಿನ ಹೆಂಟೆ. ದಿಂಬಿನ ಕೆಳಗೆ ವಿಭೂತಿ ಉಂಡೆ. ನನ್ನ ಮಗನ ಚೀಲದಲ್ಲಿ ಇದ್ದ ಬಳಪವೂ ಮಾಯ. ಎಲ್ಲರೂ ನಗುತ್ತಿದ್ದರು. ಅಜ್ಜಿ ನಗುತ್ತಿದ್ದರು, ಅಮ್ಮ ನಗುತ್ತಿದ್ದರು, ಪಕ್ಕದ ಮನೆಯವರು ಬಂದು "ಕೃಷ್ಣ ಹುಟ್ಟುತ್ತಾನೆ" ಅನ್ನುತ್ತಿದ್ದರು.

ಅವಳು ನಗುತ್ತಿರಲಿಲ್ಲ. ಅವಳಿಗೆ ನಾಚಿಕೆ. ತಿನ್ನಬಾರದು ಅಂತ ಗೊತ್ತು, ಬಿಡಲು ಆಗುವುದಿಲ್ಲ. ಬಾವಿಯಿಂದ ಒಂದು ಬಿಂದಿಗೆ ನೀರು ತಂದರೆ ಕಟ್ಟೆ ಮೇಲೆ ಕೂತು ಏದುಸಿರು ಬಿಡುತ್ತಿದ್ದಳು. ಅಂಗೈ ಬೆಳ್ಳಗೆ, ತುಟಿ ಬೆಳ್ಳಗೆ, ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಒಳಗೆ ಸುಣ್ಣ ಹೊಡೆದ ಗೋಡೆಯ ಹಾಗೆ. ಆಗಲೇ ನಾನು ಅಮ್ಮನಿಗೆ ಹೇಳಿದೆ, ಇದು ಬರೀ ಬಯಕೆ ಅಲ್ಲ, ಡಾಕ್ಟರಿಗೆ ತೋರಿಸೋಣ ಅಂತ. "ಬಸುರಿ ಅಂದ ಮೇಲೆ ಸುಸ್ತು ಇದ್ದೇ ಇರುತ್ತದೆ, ನಾವೇನು ಹೆತ್ತಿಲ್ಲವಾ" ಅಂದರು. ನರ್ಸಮ್ಮ ಬಂದು ಕೊಟ್ಟಿದ್ದ ಮಾತ್ರೆ ಇತ್ತು. ಅದನ್ನು ನುಂಗಿದರೆ ಕಪ್ಪಗೆ ಕಕ್ಕಸಾಗುತ್ತದೆ ಅಂತ ಇವಳು ಬಿಟ್ಟಳು. ಮಾತ್ರೆ ತಿಂದರೆ ಮಗು ಕಪ್ಪಾಗುತ್ತದೆ, ಹೊಟ್ಟೆಯಲ್ಲೇ ದಪ್ಪ ಬೆಳೆದು ಹೆರಿಗೆ ಕಷ್ಟ ಆಗುತ್ತದೆ ಅಂತ ಅಜ್ಜಿ ಮಾಡಿನ ಮೇಲೆ ಎತ್ತಿಟ್ಟರು. ನುಗ್ಗೆ ಸೊಪ್ಪು ಉಷ್ಣ ಅಂತ ಅದನ್ನೂ ಬಿಡಿಸಿದರು. ಮೈಗೆ ರಕ್ತ ಕೊಡುವುದನ್ನೆಲ್ಲ ಬಿಡಿಸಿ, ಮಣ್ಣು ತಿನ್ನುವುದನ್ನು ಮಾತ್ರ ನಕ್ಕು ಬಿಟ್ಟರು.

ಗೌರಿ ಹಬ್ಬದ ಹಿಂದುಮುಂದು ಹೆರಿಗೆ ಆಯಿತು. ಮನೆಯಲ್ಲೇ. ಸೂಲಗಿತ್ತಿ ಕೈಗುಣ ಇದ್ದವಳು, ಅವಳದೇನೂ ತಪ್ಪಿಲ್ಲ. ಮಗು ಬಂತು, ರಕ್ತ ನಿಲ್ಲಲಿಲ್ಲ. ಬೇರೆಯವರಿಗಾದರೆ ಅಷ್ಟು ಹೋದರೂ ತಡೆದುಕೊಳ್ಳುತ್ತಿತ್ತೇನೋ. ಇವಳ ಮೈಯಲ್ಲಿ ಮೊದಲೇ ಇರಲಿಲ್ಲವಲ್ಲ, ಎಲ್ಲಿಂದ ತಡೆಯುತ್ತದೆ? ಮಾವಿನ ಮಂಡಿಯವರ ಜೀಪು ಸಿಕ್ಕಿತು. ಶ್ರೀನಿವಾಸಪುರದಿಂದ ಕೋಲಾರದವರೆಗೆ ಅವಳ ತಲೆ ನನ್ನ ತೊಡೆಯ ಮೇಲೆ. ಕಣ್ಣು ಬಿಡು, ಕಣ್ಣು ಬಿಡು ಅಂತ ಕೆನ್ನೆ ತಟ್ಟುತ್ತಲೇ ಹೋದೆ. ಅಲ್ಲಿ ಲೇಡಿ ಡಾಕ್ಟರು ರೆಪ್ಪೆ ಎಳೆದು ನೋಡಿದರು. ನಾವು ಬಾಯಿ ಬಿಡುವ ಮೊದಲೇ ಅವರು ಕೇಳಿದ್ದು ಏನು ಗೊತ್ತಾ? "ಇವಳು ಮಣ್ಣು ತಿನ್ನುತ್ತಿದ್ದಳಾ?" ಅಂತ. ಅಮ್ಮ ಅಲ್ಲೇ ಗೋಡೆಗೆ ಒರಗಿ ಕುಸಿದು ಕೂತರು.

ಅದಕ್ಕೇ ಹೇಳುತ್ತೇನೆ. ಮಣ್ಣು, ಬಳಪ, ಸೀಮೆಸುಣ್ಣ, ಹಸಿ ಅಕ್ಕಿ, ವಿಭೂತಿ, ಇವುಗಳ ಮೇಲೆ ಆಸೆ ಆದರೆ ಬಯಕೆ ಅಂತ ಬಿಡಬೇಡಿ. ಮಾವಿನಕಾಯಿ ಕೇಳಿದರೆ ಬಯಕೆ. ಹುಣಸೆಹಣ್ಣು, ಹಿತಕಿದ ಬೇಳೆ ಸಾರು, ರಾತ್ರಿ ಹತ್ತು ಗಂಟೆಗೆ ಮಸಾಲೆ ದೋಸೆ, ಅದೆಲ್ಲಾ ಬಯಕೆ. ತಂದು ಕೊಡಿ, ಪ್ರೀತಿಯಿಂದ ಕೊಡಿ. ತಿನ್ನುವ ವಸ್ತುವೇ ಅಲ್ಲದ್ದನ್ನು ಬಾಯಿ ಕೇಳುತ್ತಿದೆ ಅಂದರೆ ಮೈಯೊಳಗೆ ರಕ್ತ ಕಡಿಮೆ ಇರಬಹುದು. ಎಲ್ಲರಿಗೂ ಹಾಗೇ ಅಂತ ನಾನು ಹೇಳುವುದಿಲ್ಲ. ಆದರೆ ಎರಡೂ ಜೊತೆಗಿರುವುದು ಜಾಸ್ತಿ. ಅದರ ಮೇಲೆ, ಊಟದಲ್ಲಿ ಬಂದ ಕಬ್ಬಿಣದ ಅಂಶವನ್ನು ಮಣ್ಣು ಮೈಗೆ ಹತ್ತಲು ಬಿಡುವುದಿಲ್ಲ, ಹೊಟ್ಟೆಗೆ ಜಂತುಹುಳವನ್ನೂ ತರುತ್ತದೆ ಅಂತ ಅವತ್ತು ಆ ಡಾಕ್ಟರೇ ಕೂರಿಸಿಕೊಂಡು ಹೇಳಿದರು. ರಕ್ತ ಕಡಿಮೆ ಅಂತ ಮಣ್ಣು ತಿನ್ನುವುದು, ಮಣ್ಣು ತಿಂದಿದ್ದಕ್ಕೆ ಇನ್ನೂ ಕಡಿಮೆ ಆಗುವುದು.

ಈಗ ಇನ್ನೊಂದು ಮಾತು ಬಾಯಿಗೆ ಬಂತು, ಹೇಳಿಯೇ ಬಿಡುತ್ತೇನೆ. ಯಾರಾದರೂ ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಿ. ಅವತ್ತು ರಕ್ತ ಬೇಕು, ಮನೆಯವರು ಯಾರಾದರೂ ಕೊಡಿ ಅಂದರು. ಆಸ್ಪತ್ರೆ ಬಾಗಿಲಲ್ಲಿ ನಮ್ಮ ಕಡೆ ಗಂಡಸರಿಗೆ ಏನು ಕಡಿಮೆ ಇತ್ತಾ? ತವರಿನ ಕಡೆಯವರು ಇದ್ದರು, ಅವಳ ಗಂಡನ ಕಡೆಯವರೂ ಬಂದಿದ್ದರು. ಒಬ್ಬರಿಗೆ ಹೊಲದಲ್ಲಿ ಕೆಲಸ. ಒಬ್ಬರಿಗೆ ತಲೆಸುತ್ತು. ಒಬ್ಬರು, ರಕ್ತ ಕೊಟ್ಟರೆ ಗಂಡಸಿನ ಶಕ್ತಿ ಹೋಗುತ್ತದೆ ಅಂದರು. ಬೀಡಿ ಸೇದಿ ಬರುತ್ತೇನೆ ಅಂತ ಹೋದವರು ಸಂಜೆಯ ಬಸ್ಸಿಗೆ ಊರು ಸೇರಿದ್ದರು. ಹೆಸರು ಹೇಳುವುದಿಲ್ಲ. ಕೆಲವರು ಈಗಿಲ್ಲ, ಕೆಲವರು ಈ ಗ್ರೂಪಿನಲ್ಲೇ ದಿನಾ ಬೆಳಗ್ಗೆ ಹೂವಿನ ಚಿತ್ರ ಹಾಕುತ್ತಾರೆ. ಕೊನೆಗೆ ರಕ್ತ ಕೊಟ್ಟಿದ್ದು ಯಾರು? ಪಕ್ಕದ ಮಂಚದಲ್ಲಿದ್ದ ಅಜ್ಜಿಯನ್ನು ನೋಡಿಕೊಳ್ಳಲು ಬಂದಿದ್ದ ಮುಳಬಾಗಿಲು ಕಡೆಯ ಒಬ್ಬ ಹುಡುಗ. ನಮ್ಮ ನೆಂಟನಲ್ಲ, ನಮ್ಮ ಕುಲದವನಲ್ಲ, ನಮ್ಮ ಊರಿನವನೂ ಅಲ್ಲ. "ಅಕ್ಕ, ನನ್ನದು ಸರಿ ಹೋಗುತ್ತದಾ ನೋಡಿ" ಅಂತ ತಾನೇ ಬಂದು ಕೈ ಚಾಚಿದ. ಸರಿ ಹೋಯಿತು. ಕೊಟ್ಟು, ಒಂದು ಲೋಟ ಕಾಫಿ ಕುಡಿದು, ಅಜ್ಜಿ ಹತ್ತಿರ ಹೋಗಿ ಕೂತ.

ನಾಮಕರಣಕ್ಕೆ ಮೊದಲ ಪಂಕ್ತಿಯಲ್ಲಿ ಕೂತು ಹೋಳಿಗೆ ತುಪ್ಪ ಉಂಡಿದ್ದು ಯಾರು? ಅವತ್ತು ಬಸ್ಸು ಹತ್ತಿದವರೇ. ಆಮೇಲೆ ತೋಪು ಭಾಗ ಆಗುವಾಗ, ಹೆಣ್ಣುಮಕ್ಕಳಿಗೆ ನಾವೇನು ಕಡಿಮೆ ಮಾಡಿದ್ದೇವೆ ಅಂತ ಎದೆ ತಟ್ಟಿಕೊಂಡಿದ್ದೂ ಅವರೇ. ತೋಪು ಹೋಗಲಿ ಬಿಡಿ. ಅದು ನನಗೆ ಬೇಕಿಲ್ಲ. ಆ ಸಂಜೆ ಮಾತ್ರ ನನ್ನ ಎದೆಯಿಂದ ಹೋಗುವುದಿಲ್ಲ. ಈಗಲೂ ನೋಡುತ್ತೇನೆ, ಸೀಮಂತ ಅಂದರೆ ಶಾಮಿಯಾನ ಏನು, ಫೋಟೋದವರೇನು, ಹಸಿರು ಬಳೆ ಏನು. ಅದೇ ಹುಡುಗಿ ಚೆಕಪ್ಪಿಗೆ ಹೋಗುವ ದಿನ ಒಬ್ಬಳೇ ಬಸ್ ಸ್ಟ್ಯಾಂಡಿನಲ್ಲಿ ನಿಂತಿರುತ್ತಾಳೆ. ಯಾರಾದರೂ ಜೊತೆಗೆ ಹೋಗಬಾರದಾ?

ನಡುವಿನವಳು ಬದುಕಿದಳು, ದೇವರು ದೊಡ್ಡವನು. ಇದೇ ಗ್ರೂಪಿನಲ್ಲಿ ಇದ್ದಾಳೆ, ಬೇಕಾದರೆ ಕೇಳಿ. ಮಗು ಎರಡು ಕೆಜಿಯೂ ಇರಲಿಲ್ಲ. ಅದನ್ನು ಎದೆಗೆ ಒತ್ತಿಕೊಂಡೇ ಉಳಿಸಿಕೊಂಡೆವು. ಮಾಲೂರಿನ ಫ್ಯಾಕ್ಟರಿಗೆ ಹೋಗುವ ನಮ್ಮ ಹುಡುಗನೇ ಅವನು. ಅಷ್ಟಕ್ಕೇ ಮುಗಿಯಲಿಲ್ಲ, ಅವಳಿಗೆ ಎದ್ದು ಓಡಾಡುವ ಶಕ್ತಿ ಬರಲು ಎಷ್ಟೋ ಕಾಲ ಹಿಡಿಯಿತು. ಹಾಲೂ ಸರಿಯಾಗಿ ಬರಲಿಲ್ಲ. ಇನ್ನೊಂದು ಸಲ ಹೇಳುತ್ತೇನೆ ಎಲ್ಲರಿಗೂ. ಮಣ್ಣು ಬೇಕು, ಬಳಪ ಬೇಕು ಅಂದರೆ ಬಯಕೆ ಅಂತ ಬಿಡಬೇಡಿ. ನಗಬೇಡಿ. ಬೈಯಲೂಬೇಡಿ. ಬೈದರೆ ಬಚ್ಚಿಟ್ಟು ತಿನ್ನುತ್ತಾಳೆ, ನಮ್ಮ ನಡುವಿನವಳ ಹಾಗೇ.

ಇರಿ, ಡೈರಿಗೆ ಹಾಲು ಹಾಕುವ ಹೊತ್ತಾಯಿತು ಅಂತ ಸೊಸೆ ಕೂಗುತ್ತಿದ್ದಾಳೆ. ನೀನು ಕೇಳಿದ್ದು ಈಗ ಏನು ಮಾಡಬೇಕು ಅಂತ ಅಲ್ವಾ ತಂಗಿ. ಹೇಳುತ್ತೇನೆ.

ಮೊದಲು ಪುಟ್ಟಿಯ ತಾಯಿ ಕಾರ್ಡ್, ಬಸುರಿಯರ ಚೆಕಪ್ ಬರೆದಿಡುವ ಕಾರ್ಡ್, ತೆಗೆದು ನೋಡು. ಹಿಮೋಗ್ಲೋಬಿನ್ ಎಷ್ಟು ಅಂತ ಬರೆದಿರುತ್ತಾರೆ. ಬಸುರಿಗೆ 11 ಆದರೂ ಇರಬೇಕು. ಅದಕ್ಕಿಂತ ಕೆಳಗಿದ್ದರೆ ರಕ್ತ ಕಡಿಮೆ ಅಂತಲೇ. 7ಕ್ಕಿಂತ ಕೆಳಗೆ ಹೋದರೆ ತುಂಬಾ ಅಪಾಯ, ಕಾಯಬಾರದು, ಅವತ್ತೇ ದೊಡ್ಡಾಸ್ಪತ್ರೆ. ಕಾರ್ಡಿನಲ್ಲಿ ಇರುವುದು ಹಳೆಯದಾದರೆ ನಾಳೆಯೇ ಹೊಸದಾಗಿ ಮಾಡಿಸಿ. ತಿಂಗಳ 9ನೇ ತಾರೀಖಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರಿಗೆ ಅಂತಲೇ ಡಾಕ್ಟರು ಪುಕ್ಕಟೆ ನೋಡುತ್ತಾರೆ, ಅದು ಒಳ್ಳೆಯದು. ಆದರೆ ಇದಕ್ಕೆ ಆ ದಿನ ಬರಲಿ ಅಂತ ಕಾಯಬೇಡಿ. ಮಣ್ಣು ತಿನ್ನುತ್ತಾಳೆ ಅನ್ನುವುದನ್ನು ಡಾಕ್ಟರ ಹತ್ತಿರ ಬಾಯಿ ಬಿಟ್ಟು ಹೇಳಿ. ಅವಳು ನಾಚಿಕೆಗೆ ಹೇಳುವುದಿಲ್ಲ, ನೀನೇ ಹೇಳು. ಜಂತುಹುಳದ ಮಾತ್ರೆ ಬೇಕಾ ಅಂತಲೂ ಕೇಳು. ನಾವೇ ಅಂಗಡಿಯಿಂದ ತಂದು ಕೊಡುವುದು ಬೇಡ.

ಆಶಾ ಕಾರ್ಯಕರ್ತೆ ಕೊಟ್ಟ ಕೆಂಪು ಮಾತ್ರೆ, ಕಬ್ಬಿಣದ್ದು, ಅವಳು ನಿಜವಾಗಿ ನುಂಗುತ್ತಿದ್ದಾಳಾ? ಮೆತ್ತಗೆ ಕೇಳು. ಡಬ್ಬಿಯಲ್ಲಿ ಹಾಗೇ ಉಳಿದಿದ್ದರೂ ರೇಗಬೇಡ. ಅದು ಕಮ್ಮಿಯೆಂದರೂ 180 ದಿನ ನುಂಗುವ ಮಾತ್ರೆ. ವಾಕರಿಕೆ ಬರುತ್ತದೆ ಅಂದರೆ ರಾತ್ರಿ ಊಟ ಆದ ಮೇಲೆ ನುಂಗಲಿ. ನಿಂಬೆಹಣ್ಣಿನ ಪಾನಕವೋ ಒಂದು ನೆಲ್ಲಿಕಾಯೋ ಜೊತೆಗಿದ್ದರೆ ಮೈಗೆ ಚೆನ್ನಾಗಿ ಹತ್ತುತ್ತದೆ. ಕಾಫಿ, ಟೀ, ಹಾಲು ಒಂದು ಗಂಟೆ ಹಿಂದೆಯೂ ಬೇಡ, ಮುಂದೆಯೂ ಬೇಡ. ನಮ್ಮ ಮನೆಯವರಿಗೆ ಲೋಟ ಕಾಫಿ ಜೊತೆಗೇ ಮಾತ್ರೆ ನುಂಗುವ ಅಭ್ಯಾಸ, ಅದಕ್ಕೇ ಹೇಳುತ್ತಿದ್ದೇನೆ. ಕ್ಯಾಲ್ಸಿಯಂ ಮಾತ್ರೆಯನ್ನೂ ಅದರ ಜೊತೆ ಸೇರಿಸಬಾರದು, ಬೇರೆ ಹೊತ್ತಿಗೆ. ಕಕ್ಕಸು ಕಪ್ಪಗಾಗುತ್ತದೆ, ಅದಕ್ಕೆ ಹೆದರುವುದು ಬೇಡ. ಮಗು ಕಪ್ಪಾಗುವುದಿಲ್ಲ. ಕಕ್ಕಸು ಗಟ್ಟಿಯಾದರೆ ನೀರು ಜಾಸ್ತಿ, ಸೊಪ್ಪು ಜಾಸ್ತಿ, ಸೀಬೆಹಣ್ಣು. ಆದರೂ ಆಗದಿದ್ದರೆ ಡಾಕ್ಟರು ಮಾತ್ರೆ ಬದಲಾಯಿಸುತ್ತಾರೆ. ಮಾತ್ರೆಯಲ್ಲಿ ಏರದಿದ್ದರೆ ಡ್ರಿಪ್ಪಿನಲ್ಲಿ ಹಾಕುತ್ತಾರೆ. ಈಗ ಅದೆಲ್ಲಾ ಇದೆ.

ಊಟಕ್ಕೆ ನುಗ್ಗೆ ಸೊಪ್ಪು, ಮಸ್ಸೊಪ್ಪು, ಮುದ್ದೆ, ಹುರುಳಿಕಾಳಿನ ಬಸ್ಸಾರು, ಮೊಟ್ಟೆ. ಕೋಳಿಯೋ ಮಾಂಸವೋ ಹಬ್ಬಕ್ಕೆ ಮಾತ್ರ ಅಂತ ಇಡಬೇಡಿ. ಊಟ ಒಂದರಿಂದಲೇ ರಕ್ತ ಏರುವುದಿಲ್ಲ, ಊಟ ಮಾತ್ರೆ ಎರಡೂ ಬೇಕು. ಅಂಗನವಾಡಿಯ ಮಧ್ಯಾಹ್ನದ ಊಟವನ್ನು ಬಿಡಬೇಡ ಅಂತ ಹೇಳು, ಅದಕ್ಕೆ ನಾಚಿಕೆ ಏನು? ಮಣ್ಣಿನ ಆಸೆ ಬಂದಾಗ ಬಾಯಿಗೆ ಹಾಕಿಕೊಳ್ಳಲು ಹುರಿಗಡಲೆ, ಕಡಲೆಕಾಯಿ ಮಿಠಾಯಿ ಕೈಗೆ ಸಿಗುವ ಹಾಗೆ ಇಡಿ. ಎದೆ ಉರಿಗೆ ಸೋಡಾ ಕುಡಿಯುತ್ತಾಳಂತೆ, ಬೇಡ. ಸ್ವಲ್ಪ ಸ್ವಲ್ಪ ಸಲಸಲಕ್ಕೆ ತಿನ್ನಲಿ, ತಿಂದ ತಕ್ಷಣ ಮಲಗದಿರಲಿ. ಆದರೆ ತಲೆನೋವು ಜೋರಾಗಿ ಕಣ್ಣು ಮಂಜಾಯಿತು, ಮುಖ ಊದಿತು, ರಕ್ತ ಕಾಣಿಸಿತು, ಮಗು ಮಿಸುಕುವುದು ಕಡಿಮೆ ಆಯಿತು ಅಂದರೆ ಯಾರನ್ನೂ ಕೇಳುತ್ತಾ ಕೂರಬೇಡಿ. 108ಕ್ಕೆ ಫೋನ್ ಮಾಡಿ.

ಪುಟ್ಟಿಯ ಅತ್ತೆ ಒಳ್ಳೆಯವರು. ಮುಚ್ಚಿಡದೆ ಫೋನ್ ಮಾಡಿದರಲ್ಲ, ಅದೇ ದೊಡ್ಡದು. ನಾಳೆ ಅಳಿಯ ರಜೆ ಹಾಕಿ ಜೊತೆಗೆ ಹೋಗಲಿ ಅಂತ ನಾನೇ ಅವರಿಗೆ ಫೋನ್ ಮಾಡಿ ಹೇಳುತ್ತೇನೆ.

ಇನ್ನು ಹುಡುಗರೇ, ಗಂಡಸರೇ, ಇದು ನಿಮಗೆ. ಪುಟ್ಟಿಯ ರಕ್ತದ ಗುಂಪು ಯಾವುದು ಅಂತ ತಂಗಿ ಇವತ್ತೇ ಇಲ್ಲಿ ಹಾಕುತ್ತಾಳೆ. ನಿಮ್ಮದು ಯಾವುದು ಅಂತ ಅದರ ಕೆಳಗೆ ಒಬ್ಬೊಬ್ಬರೂ ಹಾಕಿ. ಗೊತ್ತಿಲ್ಲದವರು ಈ ವಾರ ನೋಡಿಸಿಕೊಳ್ಳಿ. 18 ದಾಟಿ, 45 ಕೆಜಿ ಮೇಲಿದ್ದು, ಆರೋಗ್ಯವಾಗಿರುವ ಗಂಡಸು ಮೂರು ತಿಂಗಳಿಗೊಮ್ಮೆ ರಕ್ತ ಕೊಡಬಹುದು. ಯಾವ ಶಕ್ತಿಯೂ ಹೋಗುವುದಿಲ್ಲ. ಮಾಲೂರಿನ ಹುಡುಗ ಮೊದಲು ಹಾಕು.

ತಂಗಿ, ನಮ್ಮ ಹಿತ್ತಲಲ್ಲಿ ನುಗ್ಗೆ ಚೆನ್ನಾಗಿ ಚಿಗುರಿದೆ. ನಾಳೆ ಬೆಳಗಿನ ಬಸ್ಸಿಗೆ ಒಂದು ಚೀಲ ಸೊಪ್ಪು ಹಾಕಿಸುತ್ತೇನೆ, ಸ್ಟ್ಯಾಂಡಿಗೆ ಯಾರನ್ನಾದರೂ ಕಳಿಸು. ರಿಪೋರ್ಟ್ ಬಂದ ಕೂಡಲೇ ನಂಬರು ಎಷ್ಟು ಅಂತ ಇಲ್ಲಿ ಹಾಕು. ಫೋಟೋ ಹಾಕಿದರೆ ನನಗೆ ಕಾಣುವುದಿಲ್ಲ, ಬಾಯಲ್ಲಿ ಹೇಳು.